ದಾರ ಕಡಿಯಲಾರದ ಹಲ್ಲು

ಗುಂಡಿ ಹೊಲಿದಾದ ಮೇಲೆ ಅಮ್ಮ ದಾರವನ್ನು ಬಾಯಿಗೆ ತಂದು ಟಕ್ಕನೆ ಕಡಿದುಬಿಡುತ್ತಾಳೆ. ಕತ್ತರಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇರುತ್ತದೆ, ಅದರ ಗೊಡವೆಗೇ ಹೋಗುವುದಿಲ್ಲ. ಅವಳಿಂದಲೇ ಹೊಲಿಗೆ ಕಲಿತ ನನಗೆ ಈ ಒಂದು ಕೆಲಸ ಮಾತ್ರ ಇವತ್ತಿನವರೆಗೂ ಬಂದಿಲ್ಲ. ಮುಂದಿನ ಹಲ್ಲುಗಳ ನಡುವೆ ಇಟ್ಟ ದಾರ ಒದ್ದೆಯಾಗಿ, ಎಳೆ ಬಿಚ್ಚಿಕೊಂಡು, ಇಟ್ಟ ಹಾಗೆಯೇ ಹೊರಗೆ ಬರುತ್ತದೆ. ನನ್ನ ಮೇಲಿನ ಬಾಚಿಹಲ್ಲುಗಳು ಕೆಳಗಿನವನ್ನು ಮುಟ್ಟುವುದೇ ಇಲ್ಲ. ಎರಡು ಸಾಲುಗಳ ನಡುವೆ, ಮುಂದಿನಿಂದ ಹಿಂದಕ್ಕೆ ಅಳೆದರೆ, 9 ಮಿಲಿಮೀಟರ್ ಜಾಗ. 2-3 ಮಿಲಿಮೀಟರ್ ಇದ್ದರೆ ಸಹಜವಂತೆ. ಬಾಲ್ಯದಲ್ಲಿ ಇದನ್ನು ಎಲ್ಲರೂ ಉಬ್ಬು ಹಲ್ಲು ಎಂದರು, ನಾನೂ ಹಾಗೆಯೇ ನಂಬಿದೆ. ಆಗ ಕ್ಲಿಪ್ ಹಾಕಿಸುವ ಮಾತು ಒಂದೆರಡು ಸಲ ಬಂದು ಹಾಗೇ ಹೋಯಿತು. 36ನೇ ವಯಸ್ಸಿನಲ್ಲಿ ಮೇಲಿನ ಹಲ್ಲುಗಳ ಹಿಂದೆ, ಅಂಗುಳದ ಅಂಚಿನಲ್ಲಿ, ವಾರಗಟ್ಟಲೆ ಮಾಯದ ಒಂದು ಹುಣ್ಣು ಕಾಣಿಸಿಕೊಂಡಿತು. ಕೆಳಗಿನ ಹಲ್ಲುಗಳಿಗೆ ಎದುರಾಗಿ ಹಲ್ಲೇ ಸಿಗದೆ, ಅವು ಮೇಲಕ್ಕೆ ಏರಿ ಏರಿ ಅಂಗುಳದ ವಸಡನ್ನೇ ಕಚ್ಚುತ್ತಿದ್ದವು. ಅಲ್ಲಿಂದ ಶುರುವಾಯಿತು.

ಎರಡು ವರ್ಷ ಕಳೆದಿದೆ. ಈ ಎರಡು ವರ್ಷಗಳಲ್ಲಿ ನಾನು ಹೆಚ್ಚು ಯೋಚಿಸಿದ್ದು ದವಡೆಯ ಆಪರೇಷನ್ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನಲ್ಲ. ಆ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟ ರೀತಿಯೇ ತಪ್ಪಿತ್ತು ಎಂಬುದು ಮೆಲ್ಲಗೆ ಅರ್ಥವಾಗುತ್ತಾ ಹೋಯಿತು. ಅದನ್ನೇ ಬರೆಯಬೇಕೆಂದು ಕೂತಿದ್ದೇನೆ.

ಮೊದಲು ಸಣ್ಣದು, ಆಗದಿದ್ದರೆ ದೊಡ್ಡದು

ಮೊದಲು ತೋರಿಸಿದ ಡಾಕ್ಟರು ಒಳ್ಳೆಯ ಮಾತುಗಾರರು. ಬಾಯಿ ನೋಡಿ, ಫೋಟೊ ತೆಗೆದು, "ಅಲೈನರ್ ಹಾಕೋಣ ಮೇಡಂ, ಪಾರದರ್ಶಕ ಪ್ಲಾಸ್ಟಿಕ್ ಅಚ್ಚು, ಕಾಣೋದೇ ಇಲ್ಲ. ಇದರಲ್ಲಿ ಎಷ್ಟಾಗುತ್ತೋ ನೋಡೋಣ. ಸಾಲದು ಅನಿಸಿದರೆ ಮೇಲಿನ ಎರಡು ಹಲ್ಲು ತೆಗೆಯೋಣ. ಅದಕ್ಕೂ ಆಗದಿದ್ದರೆ ಕೊನೆಗೆ ಸರ್ಜರಿ ಇದ್ದೇ ಇದೆಯಲ್ಲ" ಎಂದರು. ಕೇಳಿದವರು ಯಾರಾದರೂ ತಲೆಯಾಡಿಸುವ ಮಾತು ಇದು. ಜ್ವರಕ್ಕೆ ಮೊದಲು ಮಾತ್ರೆ, ಆಮೇಲೆ ಇಂಜೆಕ್ಷನ್. ಮಂಡಿ ನೋವಿಗೆ ಮೊದಲು ವ್ಯಾಯಾಮ, ಆಮೇಲೆ ಉಳಿದದ್ದು. ಹಗುರವಾದದ್ದರಿಂದ ಶುರುಮಾಡಿ ಭಾರದ ಕಡೆಗೆ ಹೋಗುವುದು ಬುದ್ಧಿವಂತಿಕೆ ಎಂದು ನಮಗೆಲ್ಲ ರೂಢಿಯಾಗಿದೆ. ನಾನೂ ತಲೆಯಾಡಿಸಿ ಬಂದೆ. ಬಾಯಿಯ ಅಚ್ಚು ಕೊಡುವ ದಿನವೂ ಗೊತ್ತಾಗಿತ್ತು.

ಆ ದಿನ ನಾನು ಹೋಗಲಿಲ್ಲ. ಮುನ್ನೆಚ್ಚರಿಕೆಯಿಂದಲ್ಲ, ಜ್ವರ ಬಂದಿತ್ತು ಅಷ್ಟೆ. ಅದೇ ವಾರ ಗೆಳತಿಯೊಬ್ಬಳು ಒತ್ತಾಯ ಮಾಡಿ ಇನ್ನೊಂದು ಕಡೆ ಕಳಿಸಿದಳು. ಅಲ್ಲಿ ಹಲ್ಲಿನ ಸಾಲು ಸರಿಪಡಿಸುವ ಆರ್ಥೊಡಾಂಟಿಸ್ಟ್ ಮತ್ತು ದವಡೆಯ ಸರ್ಜನ್ ಇಬ್ಬರೂ ಒಟ್ಟಿಗೆ ಕೂತು ನೋಡುತ್ತಾರೆ. ಆ ಜ್ವರ ಬಾರದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಒಮ್ಮೊಮ್ಮೆ ಯೋಚನೆ ಬಂದು ಮೈ ತಣ್ಣಗಾಗುತ್ತದೆ.

ಅಲ್ಲಿ ಮೊದಲು ಮಾಡಿದ್ದು ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇ. ಕಿವಿಗಳಿಗೆ ಎರಡು ಕಡ್ಡಿ ತೂರಿಸಿ ತಲೆ ಅಲ್ಲಾಡದ ಹಾಗೆ ನಿಲ್ಲಿಸಿ ತೆಗೆಯುವ ಈ ಚಿತ್ರದ ವಿಧಾನ 1931ರಷ್ಟು ಹಳೆಯದು. ಅಮೆರಿಕದಲ್ಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹೋಫ್‌ರಾತ್, ಇಬ್ಬರೂ ಬೇರೆ ಬೇರೆಯಾಗಿ ಅದೇ ವರ್ಷ ಪ್ರಕಟಿಸಿದರು. ಅದಕ್ಕೂ ಮುಂಚೆ ಹಲ್ಲುಗಳು ಒಂದಕ್ಕೊಂದು ಹೇಗೆ ಕೂತಿವೆ ಎಂದು ನೋಡಬಹುದಿತ್ತೇ ಹೊರತು, ಹಲ್ಲು ಹೊತ್ತ ಮೂಳೆ ತಲೆಬುರುಡೆಗೆ ಹೋಲಿಸಿದರೆ ಎಲ್ಲಿದೆ ಎಂದು ಬದುಕಿರುವ ಮನುಷ್ಯನಲ್ಲಿ ನಿಖರವಾಗಿ ಅಳೆಯುವ ದಾರಿ ಇರಲಿಲ್ಲವೆನ್ನಬಹುದು. ಆರ್ಥೊಡಾಂಟಿಸ್ಟ್ ಪರದೆಯ ಮೇಲೆ ಒಂದೊಂದೇ ಚುಕ್ಕೆ ಇಟ್ಟು ಗೆರೆ ಎಳೆಯುತ್ತಾ ಹೋದರು. ತಲೆಬುರುಡೆಯ ಬುಡದ ಗೆರೆಗೆ ಮೇಲಿನ ದವಡೆಯ ಕೋನ 82 ಡಿಗ್ರಿ, ಪಠ್ಯದಲ್ಲಿ ಇರಬೇಕಾದಷ್ಟೇ. ಕೆಳಗಿನದು 80ರ ಆಸುಪಾಸು ಇರಬೇಕಿತ್ತು, ನನ್ನದು 74. ಅಂದರೆ ನನ್ನ ಮೇಲಿನ ಹಲ್ಲು ಉಬ್ಬಿದ್ದೇ ಅಲ್ಲ. ಮೂವತ್ತು ವರ್ಷ ಕೇಳಿಸಿಕೊಂಡ ಉಬ್ಬು ಹಲ್ಲು ಎಂಬ ಹೆಸರು ಸುಳ್ಳಾಗಿತ್ತು. ಮೇಲಿನದು ತನ್ನ ಜಾಗದಲ್ಲೇ ಇತ್ತು. ಕೆಳದವಡೆ ಹಿಂದೆ ಉಳಿದಿತ್ತು.

ಆಮೇಲೆ ಅವರು ಕೆಳಗಿನ ಬಾಚಿಹಲ್ಲುಗಳನ್ನು ತೋರಿಸಿದರು. ತಮ್ಮ ದವಡೆಯ ಅಡಿಗೆರೆಗೆ ಅವು ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ನೇರ ನಿಲ್ಲಬೇಕು. ನನ್ನವು 104 ಡಿಗ್ರಿಯಲ್ಲಿ ಮುಂದಕ್ಕೆ ವಾಲಿದ್ದವು. "ದವಡೆ ಹಿಂದೆ ಉಳಿದಾಗ ಹಲ್ಲುಗಳು ಸುಮ್ಮನಿರಲ್ಲ ಮೇಡಂ. ತುಟಿ ಮತ್ತು ನಾಲಗೆ ಒತ್ತಡದಲ್ಲಿ ಮುಂದಕ್ಕೆ ವಾಲಿ ಮೇಲಿನ ಹಲ್ಲನ್ನು ಮುಟ್ಟೋಕೆ ನೋಡ್ತವೆ. ನಿಮ್ಮ ನಿಜವಾದ ಅಂತರ 9 ಅಲ್ಲ. ಮೂರು ಮಿಲಿಮೀಟರ್‌ನಷ್ಟು ಈ ಹಲ್ಲುಗಳೇ ಮುಚ್ಚಿಟ್ಟಿವೆ."

ಮುಚ್ಚಿಟ್ಟಿವೆ ಎಂಬ ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ಹಲ್ಲುಗಳು ಇಷ್ಟು ವರ್ಷ ಒಂದು ಕೊರತೆಯನ್ನು ತಮ್ಮ ಮೈ ವಾಲಿಸಿ ಸರಿದೂಗಿಸಿಕೊಂಡು ಬಂದಿದ್ದವು. ಆಪರೇಷನ್ ಇಲ್ಲದ ಚಿಕಿತ್ಸೆ ಅದೇ ಕೆಲಸವನ್ನು ಮುಂದುವರಿಸುತ್ತದೆ. ಕೋರೆಹಲ್ಲಿನ ಹಿಂದಿರುವ ಮೇಲಿನ ಎರಡು ಮುಂದವಡೆ ಹಲ್ಲುಗಳನ್ನು ಕಿತ್ತು, ಒಂದೊಂದರಿಂದ ಸಿಗುವ ಸುಮಾರು 7 ಮಿಲಿಮೀಟರ್ ಜಾಗಕ್ಕೆ ಮುಂದಿನ ಆರು ಹಲ್ಲುಗಳನ್ನು ಹಿಂದಕ್ಕೆ ಎಳೆಯುವುದು. ಜೊತೆಗೆ ರಬ್ಬರ್ ಬ್ಯಾಂಡು ಹಾಕಿ ಕೆಳಗಿನವನ್ನು ಇನ್ನಷ್ಟು ಮುಂದಕ್ಕೆ ವಾಲಿಸುವುದು. ದವಡೆಗಳು ಇದ್ದಲ್ಲೇ ಇರುತ್ತವೆ, ಹಲ್ಲುಗಳು ಕೂಡಿಕೊಳ್ಳುತ್ತವೆ. ವೈದ್ಯರ ಭಾಷೆಯಲ್ಲಿ ಇದರ ಹೆಸರು ಕ್ಯಾಮೊಫ್ಲಾಜ್. ಆಪರೇಷನ್ನಿನ ತಯಾರಿ ಇದಕ್ಕೆ ಪೂರ್ತಿ ಉಲ್ಟಾ. ವಾಲಿದ ಹಲ್ಲುಗಳನ್ನು ಅವುಗಳ ಮೂಳೆಯ ಮೇಲೆ ನೇರ ನಿಲ್ಲಿಸಬೇಕು. ಅಂದರೆ ಕೆಳಗಿನವನ್ನು ಹಿಂದಕ್ಕೆ ತರಬೇಕು, ಮುಚ್ಚಿಟ್ಟ ಕೊರತೆಯನ್ನು ಪೂರ್ತಿ ಬಯಲಿಗೆಳೆಯಬೇಕು, ಆಮೇಲೆ ದವಡೆಯನ್ನೇ ಅಷ್ಟೂ ದೂರ ಮುಂದೆ ತರಬೇಕು. ಹಲ್ಲು ಕೀಳಬೇಕಾಗಿ ಬಂದರೆ ಅದೂ ಉಲ್ಟಾ. ಅಲ್ಲಿ ಮೇಲಿನವು ಹೋಗುತ್ತವೆ, ಇಲ್ಲಿ ಸಾಮಾನ್ಯವಾಗಿ ಕೆಳಗಿನವು.

ಮೊದಲ ಡಾಕ್ಟರು ಮೆಟ್ಟಿಲಿನ ಹಾಗೆ ತೋರಿಸಿದ್ದ ಮೂರು ಹಂತಗಳು ಮೆಟ್ಟಿಲೇ ಆಗಿರಲಿಲ್ಲ. ಒಂದೇ ಕವಲಿನಿಂದ ಎದುರುಬದುರು ದಿಕ್ಕಿಗೆ ಹೊರಡುವ ಎರಡು ದಾರಿಗಳು ಅವು. ಮೊದಲ ತಂತಿ ಕಟ್ಟಿದ ದಿನವೇ ಯಾವ ಕಡೆ ಹೊರಟಿದ್ದೇವೆ ಎಂಬುದು ತೀರ್ಮಾನವಾಗಿರುತ್ತದೆ. ಎರಡು ವರ್ಷ ಕ್ಯಾಮೊಫ್ಲಾಜ್ ಮಾಡಿ, ಮೇಲಿನ ಹಲ್ಲು ಕಿತ್ತು, ಜಾಗ ಮುಚ್ಚಿ, ಕೊನೆಗೆ ಸಾಲದು ಎಂದು ಸರ್ಜನ್ ಹತ್ತಿರ ಹೋದರೆ, ಮಾಡಿದ್ದನ್ನೆಲ್ಲ ಬಿಚ್ಚಬೇಕು. ಮುಚ್ಚಿದ ಜಾಗವನ್ನು ಮತ್ತೆ ತೆರೆಯಬೇಕಾಗಬಹುದು. ಅದೇ ಹಲ್ಲುಗಳ ಬೇರುಗಳು ಎರಡನೇ ಸಲ ಅದೇ ಮೂಳೆಯೊಳಗೆ ಓಡಾಡಬೇಕು. ಹಲ್ಲು ಚಲಿಸಿದಷ್ಟೂ ಬೇರಿನ ತುದಿ ಕರಗುವ ಅಪಾಯ ಇರುತ್ತದೆ, ಕರಗಿದ ಬೇರು ಮತ್ತೆ ಬೆಳೆಯುವುದಿಲ್ಲ. ವಯಸ್ಕರಾಗಿ ಈ ಚಿಕಿತ್ಸೆಗೆ ಹೊರಟ ಪ್ರತಿಯೊಬ್ಬರಿಗೂ ನಾನು ಕೈ ಹಿಡಿದು ಹೇಳಬೇಕೆಂದಿರುವುದು ಇದೊಂದನ್ನೇ. ಮೊದಲ ವೈರ್ ಕಟ್ಟಿಸಿಕೊಳ್ಳುವ ಮುಂಚೆ ಎರಡೂ ದಾರಿಗಳ ಕೊನೆ ನೋಡಿಕೊಳ್ಳಿ. ಸರ್ಜರಿ ಮಾಡಿಸುವ ಮನಸ್ಸು ಒಂದಿಷ್ಟೂ ಇಲ್ಲದಿದ್ದರೂ ಒಮ್ಮೆ ಸರ್ಜನ್ ಜೊತೆ ಮಾತಾಡಿ, ಬೇಡ ಎಂಬುದನ್ನೂ ತಿಳಿದು ಹೇಳಿ.

7 ಮಿಲಿಮೀಟರ್

ಹೀಗೆಂದ ಮಾತ್ರಕ್ಕೆ ಕ್ಯಾಮೊಫ್ಲಾಜ್ ಎಂದರೆ ಕಳಪೆ ಚಿಕಿತ್ಸೆ ಎಂದು ನಾನು ಹೇಳುತ್ತಿಲ್ಲ. ಆ ಹೆಸರೇ ಅದಕ್ಕೆ ಅನ್ಯಾಯ ಮಾಡಿದೆ, ಏನೋ ಮರೆಮಾಚಿದ ಹಾಗೆ ಕೇಳಿಸುತ್ತದೆ. ದವಡೆಯ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲದೆ, ಹಲ್ಲಿನ ಸುತ್ತ ಮೂಳೆ ದಪ್ಪವಾಗಿದ್ದು, ಮುಖದ ಬಗ್ಗೆ ತಕರಾರಿಲ್ಲದವರಿಗೆ ಅದೇ ಸರಿಯಾದ ದಾರಿ. ಆಸ್ಪತ್ರೆಯ ಹಾಸಿಗೆ ಇಲ್ಲ, ಅರಿವಳಿಕೆ ಇಲ್ಲ, ನರದ ಭಯ ಇಲ್ಲ. ನನ್ನ ಅಂತರ 6 ಮಿಲಿಮೀಟರ್ ಇದ್ದಿದ್ದರೆ ಎರಡನೇ ಯೋಚನೆ ಮಾಡದೆ ಎರಡು ಹಲ್ಲು ಕೀಳಿಸಿಕೊಳ್ಳುತ್ತಿದ್ದೆ.

ಹಲ್ಲು ಕೀಳುವುದು ಸರಿಯೋ ತಪ್ಪೋ ಎಂಬ ಜಗಳ ಈ ವಿದ್ಯೆಯಷ್ಟೇ ಹಳೆಯದು. ಇವತ್ತಿಗೂ ನಮ್ಮ ಫೈಲಿನ ಮೇಲೆ ಕ್ಲಾಸ್ 1, ಕ್ಲಾಸ್ 2, ಕ್ಲಾಸ್ 3 ಎಂದು ಬರೆಯುವ, ಮೇಲಿನ ಕೆಳಗಿನ ಹಲ್ಲುಗಳು ಕೂಡುವ ರೀತಿಯ ವಿಂಗಡಣೆಯನ್ನು 1899ರಲ್ಲಿ ಮಾಡಿದ ಅಮೆರಿಕದ ಎಡ್ವರ್ಡ್ ಆ್ಯಂಗಲ್, ಒಂದು ಹಲ್ಲನ್ನೂ ಕೀಳಬಾರದು ಎಂದು ಪಟ್ಟು ಹಿಡಿದವರು. ಅವರದೇ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನ ಮಾತಿನಂತೆ ವರ್ಷಗಟ್ಟಲೆ ನಡೆದು, ತಾವು ಸರಿಪಡಿಸಿದ ಹಲ್ಲುಗಳು ಮತ್ತೆ ಮುಂದಕ್ಕೆ ಬರುವುದನ್ನು ಕಂಡು, ಅದೇ ರೋಗಿಗಳನ್ನು ಕರೆಸಿ ಮುಂದವಡೆ ಹಲ್ಲು ಕಿತ್ತು ಮರುಚಿಕಿತ್ಸೆ ಮಾಡಿದರು. ಮಾಡಿದ್ದು ತಪ್ಪಾಯಿತೆಂದು ತಮ್ಮದೇ ರೋಗಿಗಳ ಮುಂದೆ ಮತ್ತೆ ನಿಲ್ಲುವುದು ಸಣ್ಣ ಧೈರ್ಯವಲ್ಲ. ಇಬ್ಬರು ಡಾಕ್ಟರು ಎರಡು ಮಾತಾಡಿದರೆಂದು ಗಾಬರಿಯಾಗಿದ್ದ ನನಗೆ ಈ ಕಥೆ ಸಮಾಧಾನ ಕೊಟ್ಟಿತು.

ಹಾಗಾದರೆ ಗಡಿ ಎಲ್ಲಿದೆ? ಅಮೆರಿಕದ ಆರ್ಥೊಡಾಂಟಿಸ್ಟರಾದ ಪ್ರಾಫಿಟ್ ಮತ್ತು ಆಕರ್ಮನ್ ಇದಕ್ಕೊಂದು ಚಿತ್ರ ಬರೆದಿದ್ದಾರೆ. ಹಲ್ಲಿನ ಸುತ್ತ ಒಂದರ ಹೊರಗೊಂದು ಮೂರು ವಲಯಗಳು. ಒಳಗಿನದು ತಂತಿಯಿಂದ ಮಾತ್ರ ಮುಟ್ಟಬಹುದಾದಷ್ಟು, ನಡುವಿನದು ಬೆಳೆಯುವ ಮಕ್ಕಳಲ್ಲಿ ದವಡೆಯ ಬೆಳವಣಿಗೆಯನ್ನೂ ಬಳಸಿಕೊಂಡು ಸಾಧಿಸಬಹುದಾದಷ್ಟು, ಹೊರಗಿನದು ಆಪರೇಷನ್ನಿಂದ. ಮೇಲಿನ ಬಾಚಿಹಲ್ಲನ್ನು ಹಿಂದಕ್ಕೆ ತರಬೇಕಾದರೆ ತಂತಿಯ ಗಡಿ 7 ಮಿಲಿಮೀಟರ್, ಆಪರೇಷನ್ನಿನ ಗಡಿ 15. ವಯಸ್ಕರಿಗೆ ನಡುವಿನ ವಲಯ ಮುಚ್ಚಿಹೋದ ಬಾಗಿಲು. ಹಲ್ಲು ಯಾವ ವಯಸ್ಸಿನಲ್ಲೂ ಚಲಿಸುತ್ತದೆ. ಬೇರಿಗೂ ಮೂಳೆಗೂ ನಡುವೆ ಇರುವ ಕಾಲು ಮಿಲಿಮೀಟರಿಗಿಂತ ತೆಳುವಾದ ಪೊರೆ ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸ ಮೂಳೆ ಕೂಡುತ್ತದೆ, ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್. ಅದು ಅರವತ್ತರಲ್ಲೂ ನಡೆಯುವ ಕೆಲಸ. ದವಡೆಯ ಬೆಳವಣಿಗೆ ಮಾತ್ರ ಹದಿಹರೆಯ ದಾಟಿದ ಮೇಲೆ ನಮ್ಮ ಕೈಯಲ್ಲಿಲ್ಲ. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ದೊಡ್ಡವರ ದವಡೆಯೂ ಮುಂದೆ ಬರುತ್ತದೆ ಎಂಬ ವಿಡಿಯೊಗಳನ್ನು ಆ ದಿನಗಳಲ್ಲಿ ನಾನೂ ರಾತ್ರಿಯೆಲ್ಲ ನೋಡಿದ್ದೇನೆ. ಆಸೆಯಿಂದ ನೋಡಿದ್ದು ಅಷ್ಟೆ, ಅದರಲ್ಲಿ ಹುರುಳಿಲ್ಲ.

ನನ್ನ ಲೆಕ್ಕ ಹೀಗಿತ್ತು. 9 ಮಿಲಿಮೀಟರ್ ಅಂತರವನ್ನು 2-3ಕ್ಕೆ ಇಳಿಸಲು ಮೇಲಿನ ಹಲ್ಲುಗಳು ಆರೂವರೆಯಷ್ಟು ಹಿಂದೆ ಬರಬೇಕು. ಗಡಿಯ ಒಳಗೇ ಇದೆ, ಆದರೆ ಬೆನ್ನು ಗೋಡೆಗೆ ತಾಗುವಷ್ಟು ಹತ್ತಿರ. ಸಾಧ್ಯವಿದೆ ಎಂದು ಆರ್ಥೊಡಾಂಟಿಸ್ಟೂ ಒಪ್ಪಿದರು. ಮೂಳೆಗೆ ಸಣ್ಣ ಸ್ಕ್ರೂ ಹಾಕಿ ಅದನ್ನೇ ಆಧಾರ ಮಾಡಿಕೊಂಡು ಎಳೆದರೆ ಹಿಂದಿನ ಹಲ್ಲು ಮುಂದೆ ಜಾರದ ಹಾಗೆ ನೋಡಿಕೊಳ್ಳಬಹುದು ಎಂದರು. "ಆದರೆ ಮೇಲ್ತುಟಿಯೂ ಜೊತೆಗೆ ಸ್ವಲ್ಪ ಹಿಂದೆ ಹೋಗುತ್ತೆ. ಗದ್ದ ಇದ್ದಲ್ಲೇ ಇರುತ್ತೆ. ಮುಖದ ಮಧ್ಯಭಾಗ ಚಪ್ಪಟೆ ಅನಿಸಿ, ಮೂಗು ಈಗಿನದಕ್ಕಿಂತ ಎದ್ದು ಕಾಣಬಹುದು." ಅಂದರೆ ಸರಿಯಾಗಿದ್ದ ಮೇಲ್ಭಾಗವನ್ನು, ಸರಿಯಿಲ್ಲದ ಕೆಳಭಾಗಕ್ಕೆ ಹೊಂದಿಸುವುದು.

ತುಟಿಯ ಎಡಭಾಗ

ಆಪರೇಷನ್ ಎಂದರೆ ಏನು ಮಾಡುತ್ತಾರೆ ಎಂಬುದನ್ನು ಸರ್ಜನ್ ಪ್ಲಾಸ್ಟಿಕ್ ದವಡೆಯೊಂದನ್ನು ಕೈಗೆ ಕೊಟ್ಟು ವಿವರಿಸಿದರು. ಕೆಳದವಡೆಯ ಹಿಂಭಾಗದಲ್ಲಿ, ಎರಡೂ ಕಡೆ, ಮೂಳೆಯನ್ನು ಅಡ್ಡ ಕತ್ತರಿಸುವುದಿಲ್ಲ. ಉದ್ದಕ್ಕೆ, ಒಳಪದರ ಹೊರಪದರ ಬೇರೆಯಾಗುವ ಹಾಗೆ ಸೀಳುತ್ತಾರೆ. ಆಮೇಲೆ ಹಲ್ಲು ಹೊತ್ತ ಮುಂಭಾಗವನ್ನು ಮುಂದಕ್ಕೆ ಜಾರಿಸಿದರೂ ಪದರದ ಮೇಲೆ ಪದರ ಅಗಲವಾಗಿ ಕೂತಿರುತ್ತದೆ, ಮೂಳೆ ಬೆಸೆಯಲು ಜಾಗ ಸಿಗುತ್ತದೆ. 1957ರಲ್ಲಿ ಟ್ರೌನರ್ ಮತ್ತು ಓಬ್ವೆಗೆಸರ್ ಈ ಸೀಳನ್ನು ಬರೆದಿಟ್ಟರು, 1961ರಲ್ಲಿ ಡಾಲ್ ಪಾಂಟ್ ಅದನ್ನು ತಿದ್ದಿದರು, ಇವತ್ತಿಗೂ ಅದರದೇ ರೂಪಗಳು ನಡೆಯುತ್ತಿವೆ. ಎಲ್ಲವೂ ಬಾಯಿಯ ಒಳಗಿನಿಂದ, ಮುಖದ ಮೇಲೆ ದೊಡ್ಡ ಗಾಯ ಇಲ್ಲ. ಹಿಂದೆ ಎರಡೂ ದವಡೆಗಳನ್ನು ಆರು ವಾರ ತಂತಿಯಿಂದ ಬಿಗಿದಿಡುತ್ತಿದ್ದರು. ಈಗ ಟೈಟಾನಿಯಂ ಪ್ಲೇಟು, ಸ್ಕ್ರೂಗಳು ಆ ಕೆಲಸ ಮಾಡುತ್ತವೆ, ಬಾಯಿಗೆ ರಬ್ಬರ್ ಬ್ಯಾಂಡುಗಳು ಸಾಕು. ಆದರೂ ಆರು ವಾರ ಅಗಿಯುವ ಹಾಗಿಲ್ಲ. ಮೂರನೇ ದಿನದ ಹೊತ್ತಿಗೆ ಊತ ಏರಿ, ಕನ್ನಡಿಯಲ್ಲಿ ತನ್ನ ಗುರುತು ತನಗೇ ಸಿಗುವುದಿಲ್ಲವಂತೆ.

ಸೀಳುವ ಆ ಮೂಳೆಯ ನಡುವೆಯೇ ಒಂದು ನರ ಹಾದುಹೋಗುತ್ತದೆ. ಕೆಳಗಿನ ಹಲ್ಲು, ಕೆಳತುಟಿ, ಗದ್ದಗಳ ಸ್ಪರ್ಶವನ್ನು ಮೆದುಳಿಗೆ ಒಯ್ಯುವ ನರ. ತುಟಿಯನ್ನು ಆಡಿಸುವ ನರ ಬೇರೆ, ಅದು ಈ ದಾರಿಯಲ್ಲಿಲ್ಲ. ಹಾಗಾಗಿ ಸ್ಪರ್ಶದ ಈ ನರಕ್ಕೆ ಏನಾದರೂ ಆದರೆ ತುಟಿ ಸೊಟ್ಟಗಾಗುವುದಿಲ್ಲ, ನಗು ಕೆಡುವುದಿಲ್ಲ, ನೋಡುವವರಿಗೆ ಏನೂ ತಿಳಿಯುವುದೇ ಇಲ್ಲ. ಹೊತ್ತವರಿಗೆ ಮಾತ್ರ ತಿಳಿಯುತ್ತದೆ. ಆಪರೇಷನ್ ಆದ ಹೊಸತರಲ್ಲಿ ಹೆಚ್ಚಿನವರಿಗೆ ಜೋಮು ಇದ್ದೇ ಇರುತ್ತದೆ. ಬಹಳ ಮಂದಿಗೆ ತಿಂಗಳುಗಳಲ್ಲಿ ಮೆಲ್ಲಗೆ ಬಿಡುತ್ತದೆ. ಕೆಲವರಿಗೆ ಒಂದಷ್ಟು ಉಳಿದುಬಿಡುತ್ತದೆ. ವಯಸ್ಸು ಹೆಚ್ಚಿದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು. ಇಪ್ಪತ್ತರಲ್ಲಿ ಮಾಡಿಸುವುದಕ್ಕೂ ಮೂವತ್ತಾರರಲ್ಲಿ ಮಾಡಿಸುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ಸರ್ಜನ್ ಮುಚ್ಚುಮರೆಯಿಲ್ಲದೆ ಹೇಳಿದರು.

ಆ ಮಾತು ಮಾತಾಗಿಯೇ ಇತ್ತು, ಒಂದು ಮಧ್ಯಾಹ್ನ ಹೊರಗಿನ ಬೆಂಚಿನಲ್ಲಿ ಒಬ್ಬ ಹುಡುಗ ಸಿಗುವವರೆಗೆ. ಇಪ್ಪತ್ತಾರು ಇಪ್ಪತ್ತೇಳು ಇರಬೇಕು. ನನ್ನ ಫೈಲಿನ ಎಕ್ಸ್‌ರೇ ನೋಡಿ ತಾನೇ ಮಾತಿಗೆ ಬಂದ. ಅವನಿಗೆ ಆಪರೇಷನ್ ಆಗಿ ಒಂದೂವರೆ ವರ್ಷ. ಚೆನ್ನಾಗಿ ಕಾಣುತ್ತಿದ್ದ, ಹಲ್ಲು ಕೂಡಿಕೊಂಡಿದ್ದವು. "ಬಲಗಡೆ ಪೂರ್ತಿ ಬಂತು ಅಕ್ಕ. ಎಡಗಡೆ ತುಟಿ ಇನ್ನೂ ಜೋಮು. ಮುಟ್ಟಿದ್ರೆ ದಪ್ಪ ಬಟ್ಟೆ ಮೇಲಿಂದ ಮುಟ್ಟಿದ ಹಾಗೆ" ಎಂದ. ಶೇವ್ ಮಾಡುವಾಗ ಆ ಭಾಗದಲ್ಲಿ ಬ್ಲೇಡು ತಾಗಿದ್ದು ಗೊತ್ತಾಗುವುದಿಲ್ಲ, ಕನ್ನಡಿ ಇಲ್ಲದೆ ಮಾಡುವ ಹಾಗೇ ಇಲ್ಲ. ನೀರು ಕುಡಿದ ಮೇಲೆ ಒಂದು ಹನಿ ಅಲ್ಲೇ ಉಳಿದಿದೆಯೋ ಎಂದು ಕೈಯಿಂದ ಒರೆಸಿಕೊಳ್ಳುವುದು ಅಭ್ಯಾಸವೇ ಆಗಿಹೋಗಿದೆ. ಮಾತಾಡುತ್ತಿದ್ದ ಹಾಗೆಯೇ ಎರಡು ಸಲ ಹಾಗೆ ಒರೆಸಿಕೊಂಡ. ಅಲ್ಲಿ ಏನೂ ಇರಲಿಲ್ಲ.

"ಮತ್ತೆ ಮೊದಲಿಗೆ ಹೋದರೆ ಮಾಡಿಸ್ತೀಯಾ?" ಎಂದು ಕೇಳಿದೆ. ತಕ್ಷಣ ಹೇಳಲಿಲ್ಲ. ಒಳಗಿನಿಂದ ಯಾರನ್ನೋ ಕರೆದರು, ಅವರು ಎದ್ದು ಹೋದರು, ಬಾಗಿಲು ಮುಚ್ಚಿತು. "ಮಾಡಿಸ್ತಿದ್ದೆ ಅಕ್ಕ. ಆದ್ರೆ ಬೇರೆಯವರಿಗೆ ಮಾಡಿಸಿ ಅಂತ ನನ್ನ ಬಾಯಲ್ಲಿ ಬರಲ್ಲ" ಎಂದ. ಇಷ್ಟು ಪ್ರಾಮಾಣಿಕವಾದ ಸಲಹೆ ನನಗೆ ಬೇರೆ ಯಾರಿಂದಲೂ ಸಿಕ್ಕಿಲ್ಲ.

"ಎರಡೂ ನೀನೇ ಅಲ್ವಾ?"

ಮುಖದ ವಿಷಯಕ್ಕೆ ಬರಲೇಬೇಕು. ಮಾಡಿಸುವವರಲ್ಲಿ ಎಷ್ಟೋ ಜನ ಕಚ್ಚಲು ಬರುವುದಿಲ್ಲ ಎಂದು ಫೈಲಿನಲ್ಲಿ ಬರೆಸಿ, ಮನಸ್ಸಿನಲ್ಲಿ ಮುಖವನ್ನು ಇಟ್ಟುಕೊಂಡಿರುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಫೋಟೊ ತೆಗೆಯುವಾಗ ತಲೆ ತುಸು ಎತ್ತಿ, ಬಾಯಿ ಮುಚ್ಚಿ, ಗದ್ದ ಮುಂದೆ ತಂದು ಹಿಡಿಯುವುದನ್ನು ನಾನು ಯಾವ ವಯಸ್ಸಿನಲ್ಲಿ ಕಲಿತೆನೋ ನೆನಪಿಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ದವಡೆ ಮುಂದೆ ತಂದು, ಪಕ್ಕದಿಂದ ಕಾಣುವ ನನ್ನ ಮುಖದ ಚಿತ್ರವನ್ನು ತೋರಿಸಿದಾಗ ಎದೆ ಹೊಡೆದುಕೊಂಡಿತು. ಕುತ್ತಿಗೆಗೂ ಗದ್ದಕ್ಕೂ ನಡುವೆ ಒಂದು ಖಚಿತವಾದ ಗೆರೆ ಬಂದಿತ್ತು. ತುಟಿಗಳು ಒತ್ತಾಯವಿಲ್ಲದೆ ಮುಚ್ಚಿಕೊಂಡಿದ್ದವು.

ಈಗಿನದು, ಬದಲಾದದ್ದು, ಎರಡೂ ಚಿತ್ರಗಳನ್ನು ಫೋನಿನಲ್ಲಿ ತಂದು ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡಳು. ಒಂದನ್ನು ನೋಡಿದಳು, ಬೆರಳಿನಿಂದ ಸರಿಸಿ ಇನ್ನೊಂದನ್ನು ನೋಡಿದಳು, ಮತ್ತೆ ಮೊದಲಿನದಕ್ಕೆ ಬಂದಳು. ಅವಳ ಮುಖದಲ್ಲಿ ಏನಾದರೂ ಬದಲಾಗುತ್ತದೋ ಎಂದು ನಾನು ಕಾದು ನಿಂತಿದ್ದೆ. "ಏನೇ ಇದು, ಎರಡೂ ನೀನೇ ಅಲ್ವಾ?" ಎಂದಳು. ಗದ್ದ ನೋಡಮ್ಮ ಎಂದೆ. ನೋಡಿದಳು. "ಹ್ಞೂಂ, ಇದರಲ್ಲಿ ಸ್ವಲ್ಪ ತಲೆ ಎತ್ತಿದೀಯ" ಎಂದು ಫೋನ್ ವಾಪಸ್ ಕೊಟ್ಟಳು.

ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಿರಾಸೆ ಅಲ್ಲ. ಯಾವುದೋ ಭಾರ ಇಳಿದ ಹಾಗಿತ್ತು. ನನ್ನನ್ನು ಅತಿ ಹೆಚ್ಚು ನೋಡಿದ ಕಣ್ಣಿಗೆ ಈ ಕೊರತೆ ಕಂಡೇ ಇರಲಿಲ್ಲ. ಹಾಗಾದರೆ ಮುಖಕ್ಕಾಗಿ ನಾನು ಇದನ್ನು ಮಾಡಿಸಬೇಕಾಗಿಲ್ಲ, ಮಾಡಿಸಿದರೆ ಮುಖ ಬದಲಾಗುವುದಕ್ಕೆ ಹೆದರಬೇಕಾಗಿಯೂ ಇಲ್ಲ. ಮುಖವನ್ನು ತಕ್ಕಡಿಯಿಂದ ಕೆಳಗಿಟ್ಟೆ. ಇದು ನನ್ನ ಲೆಕ್ಕ ಮಾತ್ರ. ಮುಖವೇ ಮುಖ್ಯವಾಗಿರುವವರು ಅದನ್ನು ಬಾಯಿಬಿಟ್ಟು ಡಾಕ್ಟರಿಗೆ ಹೇಳಿದರೆ ಒಳ್ಳೆಯದು, ಯಾಕೆಂದರೆ ಹಲ್ಲು ಚೆನ್ನಾಗಿ ಕೂಡಿಸಿಯೂ ಮುಖದ ವಿಷಯದಲ್ಲಿ ದುಃಖ ಉಳಿಸುವ ಚಿಕಿತ್ಸೆ ಇದೆ.

ಇನ್ನೆರಡು ಕಾರಣಗಳೂ ಹೀಗೇ ಕೆಳಗಿಳಿದವು. ಬಾಯಿ ತೆರೆದಾಗ ಕಿವಿಯ ಹತ್ತಿರ ಕೀಲು ಟಕ್ ಎನ್ನುತ್ತದೆ, ಅದು ಸರಿಹೋಗಬಹುದು ಎಂದುಕೊಂಡಿದ್ದೆ. "ಕಡಿಮೆಯಾಗಬಹುದು, ಹಾಗೇ ಇರಬಹುದು, ಜಾಸ್ತಿಯೂ ಆಗಬಹುದು. ಅದಕ್ಕಾಗಿ ಮಾಡಿಸಬೇಡಿ" ಎಂದರು ಸರ್ಜನ್. ಚಿಕ್ಕ ಕೆಳದವಡೆ ಇರುವವರಲ್ಲಿ ನಾಲಗೆಯ ಬುಡ ಹಿಂದೆ ಸರಿದು ನಿದ್ದೆಯಲ್ಲಿ ಉಸಿರು ಕಟ್ಟುವುದುಂಟು. ಅಂಥವರಿಗೆ ದವಡೆ ಮುಂದೆ ತಂದರೆ ಉಸಿರಿನ ದಾರಿಯೂ ಅಗಲವಾಗುತ್ತದೆ. ಒಂದು ರಾತ್ರಿ ಯಂತ್ರ ಕಟ್ಟಿಕೊಂಡು ಮಲಗಿ ಪರೀಕ್ಷೆ ಮಾಡಿಸಿದೆ. ನನಗೆ ಆ ತೊಂದರೆ ಇರಲಿಲ್ಲ.

ಉಳಿದದ್ದು ದಾರ ಮತ್ತು ಹುಣ್ಣು. ಇಷ್ಟಕ್ಕೆ ದವಡೆ ಸೀಳಿಸಿಕೊಳ್ಳಬೇಕೇ? ಏನೂ ಮಾಡಿಸದೆ, ರಾತ್ರಿ ಹೊತ್ತು ಅಂಗುಳಕ್ಕೆ ರಕ್ಷಣೆಯಾಗಿ ಒಂದು ಪ್ಲೇಟು ಹಾಕಿಕೊಂಡು ಬದುಕುವುದೂ ಒಂದು ದಾರಿ. ಅದನ್ನು ಯಾರೂ ದಾರಿ ಎಂದು ಎಣಿಸುವುದಿಲ್ಲ, ಆದರೆ ನಾನು ಅದಕ್ಕೇ ವಾಲಿದ್ದೆ.

ವಸಡಿನ ಡಾಕ್ಟರು

ತೀರ್ಮಾನಕ್ಕೆ ತಂದವರು ಆರ್ಥೊಡಾಂಟಿಸ್ಟೂ ಅಲ್ಲ, ಸರ್ಜನ್ನೂ ಅಲ್ಲ, ವಸಡಿನ ತಜ್ಞೆ. ವಯಸ್ಕರಿಗೆ ಕ್ಲಿಪ್ ಹಾಕುವ ಮುಂಚೆ ವಸಡು ನೋಡಿಸಲೇಬೇಕು ಎಂದು ಆರ್ಥೊಡಾಂಟಿಸ್ಟ್ ಹಟ ಹಿಡಿದು ಕಳಿಸಿದ್ದರು. ಈ ತಜ್ಞೆ ಹೆಚ್ಚು ಮಾತಿನವರಲ್ಲ. ತೆಳುವಾದ ಕಡ್ಡಿಯಿಂದ ಒಂದೊಂದು ಹಲ್ಲಿನ ಬುಡ ಅಳೆದು ಅಂಕಿ ಹೇಳುತ್ತಾ ಹೋದರು, ಪಕ್ಕದವರು ಬರೆದುಕೊಂಡರು. ಆಮೇಲೆ ಮೂರು ಆಯಾಮದ ಸ್ಕ್ಯಾನ್ ತೆರೆದು ಕೆಳಗಿನ ಬಾಚಿಹಲ್ಲೊಂದನ್ನು ಉದ್ದಕ್ಕೆ ಸೀಳಿದ ಹಾಗೆ ತೋರಿಸಿದರು. ಬೇರಿನ ಮುಂದೆ ಮೂಳೆಯ ಬಿಳಿ ಗೆರೆ ಇರಬೇಕಾದ ಕಡೆ ಕೂದಲೆಳೆಯಷ್ಟು ಇತ್ತು, ಕೆಲವು ಕಡೆ ಅದೂ ಕಾಣುತ್ತಿರಲಿಲ್ಲ. "ಈ ಹಲ್ಲುಗಳು ಈಗಾಗಲೇ ಮನೆಯ ಹೊಸ್ತಿಲ ಮೇಲೆ ನಿಂತಿವೆ. ಇನ್ನೂ ಮುಂದಕ್ಕೆ ತಳ್ಳಿದರೆ ಹೊರಗೆ. ವಸಡು ಇಳಿಯೋಕೆ ಶುರುವಾಗುತ್ತೆ. ಹೀಗೇ ಬಿಟ್ಟರೂ ಹಿಂದಿನಿಂದ ಅಂಗುಳದ ವಸಡು ಸವೆಯುತ್ತಲೇ ಇರುತ್ತೆ" ಎಂದರು.

ಆಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಕ್ಯಾಮೊಫ್ಲಾಜ್ ನನ್ನಲ್ಲಿ ಕೆಳಗಿನ ಹಲ್ಲುಗಳಿಂದ ಇನ್ನಷ್ಟು ವಾಲುವಿಕೆ ಬೇಡುತ್ತಿತ್ತು, ಮೇಲಿನವು ಗಡಿ ತಾಗುವಷ್ಟು ಹಿಂದೆ ಸರಿಯಬೇಕೆಂದು ಬೇಡುತ್ತಿತ್ತು. ಕೊರತೆಯನ್ನು ತುಂಬುವ ಹೊಣೆಯನ್ನೆಲ್ಲ ಹಲ್ಲುಗಳ ಮೇಲೆಯೇ ಹೊರಿಸುವ ಆ ದಾರಿಗೆ, ಹೊರಲು ಮೂಳೆಯೇ ನನ್ನಲ್ಲಿರಲಿಲ್ಲ. ಆಪರೇಷನ್ನಿನ ತಯಾರಿಯಲ್ಲಿ ಅದೇ ಹಲ್ಲುಗಳು ಹೊಸ್ತಿಲಿನಿಂದ ಒಳಗೆ ಬರುತ್ತವೆ. ನರವನ್ನು ಅಪಾಯಕ್ಕೆ ಒಡ್ಡಿ ಹಲ್ಲು ಉಳಿಸಿಕೊಳ್ಳುವುದೋ, ಹಲ್ಲನ್ನು ಅಪಾಯಕ್ಕೆ ಒಡ್ಡಿ ನರ ಉಳಿಸಿಕೊಳ್ಳುವುದೋ ಎಂಬಲ್ಲಿಗೆ ಪ್ರಶ್ನೆ ಬಂದು ನಿಂತಿತು. ಆ ರೂಪದಲ್ಲಿ ಅದು ನನಗೆ ಉತ್ತರಿಸಬಹುದಾದ ಪ್ರಶ್ನೆ ಆಗಿತ್ತು. ಆ ಹುಡುಗನ ಎಡತುಟಿಯನ್ನು ನೆನಪಿಸಿಕೊಂಡೇ ಒಪ್ಪಿಗೆ ಹೇಳಿದೆ.

ಹದಗೆಡುವ ತಿಂಗಳುಗಳು

ಕ್ಲಿಪ್ ಹಾಕಿ ಈಗ ಹದಿನಾಲ್ಕು ತಿಂಗಳು. ಹಲ್ಲುಗಳ ನಡುವೆ ಸ್ವಲ್ಪ ಎನಾಮೆಲ್ ತೆಳುವಾಗಿ ಉಜ್ಜಿ ಜಾಗ ಮಾಡಿದರು, ಹಲ್ಲು ಕೀಳಬೇಕಾಗಲಿಲ್ಲ. 104 ಡಿಗ್ರಿ ಈಗ 96ಕ್ಕೆ ಬಂದಿದೆ. ಅದರ ಅರ್ಥ, 9 ಮಿಲಿಮೀಟರ್ ಇದ್ದ ಅಂತರ ಈಗ 12. ಚಿಕಿತ್ಸೆ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಗುರುತೇ ಇದು, ಬಾಯಿ ತಿಂಗಳು ತಿಂಗಳೂ ಕೆಡುತ್ತಾ ಹೋಗುವುದು. ಮುಂಚೆ ಹೇಗೋ ಮುಚ್ಚುತ್ತಿದ್ದ ತುಟಿಗಳು ಈಗ ಮುಚ್ಚುವುದಿಲ್ಲ. ಕೆಲವು ಅಕ್ಷರಗಳು ಜಾರುತ್ತವೆ. ದುಡ್ಡೂ ಸಮಯವೂ ಕೊಟ್ಟು ಹಾಳು ಮಾಡಿಸಿಕೊಳ್ಳುತ್ತಿದ್ದೀಯಾ ಎಂದು ಬಂಧುಗಳು ಕೇಳಿದಾಗ ವಿವರಿಸುವ ತಾಳ್ಮೆ ಎಲ್ಲ ದಿನವೂ ಇರುವುದಿಲ್ಲ. ಮೊದಲೇ ಆಪರೇಷನ್ ಮಾಡಿ ಆಮೇಲೆ ಹಲ್ಲು ಸರಿಪಡಿಸುವ ಕ್ರಮವೂ ಈಚಿನ ವರ್ಷಗಳಲ್ಲಿ ಬಂದಿದೆ, ಈ ಕೆಟ್ಟ ತಿಂಗಳುಗಳೇ ಇರುವುದಿಲ್ಲ. ಆದರೆ ಆಪರೇಷನ್ ಟೇಬಲ್ ಮೇಲೆ ಎರಡು ದವಡೆಗಳು ಒಂದಕ್ಕೊಂದು ಭದ್ರವಾಗಿ ಕೂರುವಷ್ಟು ಹಲ್ಲುಗಳು ಮೊದಲೇ ಹೊಂದಿಕೊಂಡಿರಬೇಕು. ನನ್ನವು ಹಾಗಿರಲಿಲ್ಲ.

ಎಲ್ಲ ಮುಗಿದ ಮೇಲೂ, ಹಲ್ಲು ಸರಿಯದ ಹಾಗೆ ಹಿಡಿದಿಡುವ ರಿಟೇನರ್ ಬಿಡುವ ಹಾಗಿಲ್ಲ. ಅಮೆರಿಕದಲ್ಲಿ ರಾಬರ್ಟ್ ಲಿಟಲ್ ಮತ್ತು ಜೊತೆಗಾರರು ಹಲ್ಲು ಕಿತ್ತು ನೇರ ಮಾಡಿದವರನ್ನು ರಿಟೇನರ್ ಬಿಟ್ಟ ಹತ್ತು ವರ್ಷದ ಮೇಲೆ ಮತ್ತೆ ನೋಡಿ 1981ರಲ್ಲಿ ವರದಿ ಮಾಡಿದ್ದರು. ಕೆಳಗಿನ ಮುಂದಿನ ಹಲ್ಲುಗಳು ಒಪ್ಪುವ ಹಾಗೆ ಉಳಿದಿದ್ದುದು ಮೂರರಲ್ಲಿ ಒಬ್ಬರಿಗೂ ಇಲ್ಲ. ಆಪರೇಷನ್ ಇರಲಿ, ಇಲ್ಲದಿರಲಿ, ಹಲ್ಲು ಜೀವನಪೂರ್ತಿ ಸರಿಯುತ್ತಲೇ ಇರುತ್ತದೆ ಎಂದು ಒಪ್ಪಿಕೊಂಡೇ ಹೊರಟಿದ್ದೇನೆ.

ಆಪರೇಷನ್ ಬರುವ ತಿಂಗಳು. ಕಳೆದ ವಾರ ತುಟಿಯ ಪರೀಕ್ಷೆ ಇತ್ತು. ಆಮೇಲೆ ಹೋಲಿಸಿ ನೋಡಲು ಈಗಿನ ಸ್ಪರ್ಶವನ್ನು ಬರೆದಿಟ್ಟುಕೊಳ್ಳುತ್ತಾರೆ. ಕುರ್ಚಿಯಲ್ಲಿ ಒರಗಿಸಿ ಕಣ್ಣು ಮುಚ್ಚಲು ಹೇಳಿದರು. ಕಿರಿಯ ಡಾಕ್ಟರೊಬ್ಬರು ಹತ್ತಿಯ ಎಳೆಯೊಂದನ್ನು ಕೆಳತುಟಿಯ ಮೇಲೆ, ಗದ್ದದ ಮೇಲೆ ಮುಟ್ಟಿಸುತ್ತಾ ಹೋದರು. ತಾಗಿದ ಕೂಡಲೇ ನಾನು ಹ್ಞೂಂ ಎನ್ನಬೇಕು. ಆಮೇಲೆ ಎರಡು ಮೊನೆಗಳನ್ನು ಒಟ್ಟಿಗೆ ಒತ್ತಿ, ಒಂದೋ ಎರಡೋ ಎಂದು ಕೇಳಿದರು. ಆಮೇಲೆ ಮೆತ್ತನೆಯ ಕುಂಚದಿಂದ ಸವರಿ ಯಾವ ಕಡೆಯಿಂದ ಯಾವ ಕಡೆಗೆ ಎಂದು ಕೇಳಿದರು.

"ಎಡದಿಂದ ಬಲಕ್ಕೆ."

"ಈಗ?"

"ಮೇಲಿಂದ ಕೆಳಗೆ."

"ಈಗ?"

"ಬಲದಿಂದ ಎಡಕ್ಕೆ. ತುದಿವರೆಗೂ ಹೋಗಲಿಲ್ಲ, ಮಧ್ಯದಲ್ಲೇ ಎತ್ತಿದ್ರಿ."

"ಸರಿ" ಎಂದು ಅವರು ಬರೆದುಕೊಂಡರು.